ಅಣ್ಣನ ಉಸಿರಿನ ಮೇಲೆ ನನ್ನ ಕಣ್ಣು

ಕಾಯಿಲೆ ಬಂದರೆ ಹೆದರಿಕೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೇಜಾರಾಗುತ್ತದೆ, ದೇವರು ನೆನಪಾಗುತ್ತಾನೆ ಎಂದೂ ಹೇಳುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ನನಗೆ ಆದದ್ದು ಅದೇ. ಹೆದರಿಕೆ ಒಂದು ಪಾಲಿದ್ದರೆ ಹೊಟ್ಟೆಕಿಚ್ಚು ಮೂರು ಪಾಲು. ಎದುರುಮನೆಯ ಮುದುಕ ಹಾಲಿನ ಪಾಕೀಟು ಹಿಡಿದು ಮೆಟ್ಟಿಲು ಹತ್ತಿದರೆ ಕಿಚ್ಚು. ಬೀದಿ ನಾಯಿ ಸ್ಕೂಟರಿನ ಹಿಂದೆ ಓಡಿದರೆ ಕಿಚ್ಚು. ಎಲ್ಲಕ್ಕಿಂತ ಹೆಚ್ಚಿನ ಕಿಚ್ಚು ನನ್ನ ಒಡಹುಟ್ಟಿದ ಅಣ್ಣನ ಮೇಲೆ. ನನ್ನ ಹಾಗೆ ಉಸಿರಿನ ಕಾಯಿಲೆ ಹಚ್ಚಿಕೊಂಡು, ಒಳಗೊಳಗೇ ಮತ್ಸರಪಡುತ್ತ, ಇಂಥ ಕೆಟ್ಟ ಗುಣ ತನಗೊಬ್ಬನಿಗೇ ಬಂದಿದೆ ಎಂದು ನಾಚಿಕೊಂಡು ಕುಳಿತವರು ಯಾರಾದರೂ ಇದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವು ಇಬ್ಬರೇ ಅಣ್ಣತಮ್ಮಂದಿರು. ಅಣ್ಣ ಗುರುಸಿದ್ದಪ್ಪ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಶಾಲೆಗೆ ಹಾಕಿದವನು, ಮದುವೆ ಮಾಡಿದವನು, ಧಂದೆಗೆ ಹಚ್ಚಿದವನು ಎಲ್ಲ ಅವನೇ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ನಮ್ಮದು ಒಣ ಮೆಣಸಿನಕಾಯಿಯ ದಲಾಲಿ ಅಂಗಡಿ. ಮುಂದೆ ಗಾದಿ, ಹಿಂದೆ ಗೋದಾಮು. ಗಾದಿಯ ಮೇಲೆ ಅಣ್ಣ ಕೂರುತ್ತಿದ್ದ, ಗೋದಾಮನ್ನು ನಾನು ನೋಡಿಕೊಳ್ಳುತ್ತಿದ್ದೆ. ಇಬ್ಬರೂ ಸಿಗರೇಟು ಸೇದುತ್ತಿದ್ದೆವು. ಆದರೆ ಸೇದುವ ರೀತಿಯಲ್ಲಿ ಭೂಮಿ ಆಕಾಶದ ವ್ಯತ್ಯಾಸವಿತ್ತು.

ನಮ್ಮ ಕಡೆ ಕಿರಿಯರು ಹಿರಿಯರ ಮುಂದೆ ಸೇದುವುದಿಲ್ಲ. ಸೇದುತ್ತಾನೆ ಎಂದು ಹಿರಿಯರಿಗೆ ಗೊತ್ತಿರುತ್ತದೆ. ಗೊತ್ತಿದೆ ಎಂದು ಕಿರಿಯನಿಗೂ ಗೊತ್ತಿರುತ್ತದೆ. ಆದರೆ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಮರ್ಯಾದೆ ಹೋಯಿತು. ಅಣ್ಣನ ಮೇಲೆ ಹಿರಿಯರು ಯಾರೂ ಉಳಿದಿರಲಿಲ್ಲವಾದ್ದರಿಂದ ಅವನು ಗಾದಿಯ ಮೇಲೆ ಲೋಡಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿಕೊಂಡು ರಾಜನಂತೆ ಸೇದುತ್ತಿದ್ದ. ಒಂದು ಝುರುಕಿ ಎಳೆದು, ಸುಳ್ಳ ಎಂಬ ಹಳ್ಳಿಯ ಕಡೆಯಿಂದ ಬಂದ ರೈತರ ಜೊತೆ ಮಳೆ, ಬೆಳೆ, ಬೀಗತನದ ಮಾತಿಗೆ ಬಿದ್ದು ಸಿಗರೇಟನ್ನು ಮರೆತೇಬಿಡುತ್ತಿದ್ದ. ಅರ್ಧ ತನ್ನಷ್ಟಕ್ಕೆ ಉರಿದು ಬೂದಿಯಾಗುತ್ತಿತ್ತು.

ನನ್ನದು ಕಳ್ಳನ ಸೇದಾಟ. ಒಂದರ ಮೇಲೊಂದು ಪೇರಿಸಿದ ಚೀಲಗಳ ಥಪ್ಪಿಗೂ ಗೋದಾಮಿನ ಹಿಂಗೋಡೆಗೂ ನಡುವೆ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂರುವಷ್ಟು ಜಾಗವಿತ್ತು. ಅಲ್ಲಿ ಕೂತು, ಎರಡೇ ನಿಮಿಷದಲ್ಲಿ, ಉಸಿರಿನ ಕೊನೆಯವರೆಗೆ ಎಳೆದು ಹೊಗೆಯನ್ನು ಒಳಗೇ ಹಿಡಿದಿಡುತ್ತಿದ್ದೆ. ಬಿಟ್ಟರೆ ಚೀಲಗಳ ಮೇಲೆ ಹೊಗೆ ಎದ್ದು ಕಂಡೀತು ಎಂಬ ಹೆದರಿಕೆ. ಬೂದಿ ಕೂಡ ವ್ಯರ್ಥವಾಗದ ಹಾಗೆ ಸೇದಿದ್ದೇನೆ ಎಂದರೆ ಸುಳ್ಳಲ್ಲ. ಇಪ್ಪತ್ತೆರಡನೆಯ ವಯಸ್ಸಿನಿಂದ ಮೂವತ್ತಮೂರು ವರ್ಷ ಹೀಗೆ ನಡೆಯಿತು.

ಕೆಮ್ಮು ಯಾವಾಗ ಶುರುವಾಯಿತು ಎಂದು ಡಾಕ್ಟರುಗಳು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಮೆಣಸಿನಕಾಯಿ ಅಂಗಡಿಯಲ್ಲಿ ಯಾರ ಕೆಮ್ಮು ಯಾವಾಗ ಶುರುವಾಯಿತು ಎಂದು ಯಾರಿಗೆ ಗೊತ್ತಿರುತ್ತದೆ? ಸುಗ್ಗಿಯಲ್ಲಿ ಚೀಲ ಬಿಚ್ಚಿದರೆ ಹಮಾಲರು ಕೆಮ್ಮುತ್ತಾರೆ, ಖರೀದಿದಾರರು ಕೆಮ್ಮುತ್ತಾರೆ, ವಿಳಾಸ ಕೇಳಲು ಬಂದವರೂ ಕೆಮ್ಮುತ್ತಾರೆ. ನಮ್ಮ ಓಣಿಯಲ್ಲಿ ಕೆಮ್ಮದೆ ಇರುವವನೇ ವಿಚಿತ್ರ ಮನುಷ್ಯ. ಹಾಗಾಗಿ ನನ್ನ ಕೆಮ್ಮು ವರ್ಷಗಟ್ಟಲೆ ಎಲ್ಲರ ಕೆಮ್ಮಿನಲ್ಲಿ ಸೇರಿಹೋಗಿತ್ತು. ಸುಗ್ಗಿ ಮುಗಿದು, ಮಳೆಗಾಲ ಬಂದು, ಗೋದಾಮು ಖಾಲಿಯಾದಾಗಲೂ ನಾನೊಬ್ಬನೇ ಕೆಮ್ಮುತ್ತಿದ್ದೇನೆ ಎಂದು ಮೊದಲು ಗಮನಿಸಿದವಳು ನನ್ನ ಹೆಂಡತಿ ಶೈಲಾ.

"ಮೆಣಸಿನಕಾಯಿ ಅಂಗಡ್ಯಾಗ ಐತಿ, ಕೆಮ್ಮು ಮನ್ಯಾಗ ಯಾಕ್ರೀ?" ಎಂದಳು.

ಅಣ್ಣನೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಂಗಡಿ ಮುಚ್ಚಿ ಬಂದಿದ್ದ. ಅವನು ಹಾಗೆ ಮುಚ್ಚುವವನಲ್ಲ. ಡಾಕ್ಟರ ಮುಂದೆ ಎರಡು ಕುರ್ಚಿ. ಒಂದರಲ್ಲಿ ನಾನು, ಮೊಣಕೈ ತಾಗುವಷ್ಟು ಹತ್ತಿರ ಇನ್ನೊಂದರಲ್ಲಿ ಅಣ್ಣ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, ಬರೆಯುತ್ತ ಬರೆಯುತ್ತ ತಲೆ ಎತ್ತದೆ ಕೇಳಿದರು.

"ಸಿಗರೇಟು, ಬೀಡಿ ಏನಾದ್ರೂ ಸೇದ್ತೀರೇನ್ರಿ?"

"ಇಲ್ರೀ," ಎಂದೆ.

"ಎಂದೂ ಇಲ್ಲ?"

"ಎಂದೂ ಇಲ್ರೀ."

ಅಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ನಂತರ ನನ್ನ ಪರವಾಗಿ ಅವನೇ ಮುಂದೆ ಬಾಗಿ ಹೇಳಿದ: "ನಾ ಸೇದ್ತೇನ್ರಿ ಸರ್, ಸುಳ್ಳ್ಯಾಕ ಹೇಳ್ಲಿ. ಇಂವಗ ಆ ಚಟಾ ಇಲ್ಲ. ನಮ್ಮದು ಮೆಣಸಿನಕಾಯಿ ಧಂದೆ. ಆ ಘಾಟಿಗೆ ಹಿಂಗಾಗೇತಿ."

ಡಾಕ್ಟರು ತಲೆ ಆಡಿಸಿದರು. ಧೂಳಿನ ಅಲರ್ಜಿ ಎಂದು ಬರೆದರು. ಅವರದೇನೂ ತಪ್ಪಿಲ್ಲ. ಇಬ್ಬರು ದೊಡ್ಡ ಮನುಷ್ಯರು ಎದುರು ಕೂತು, ಒಬ್ಬ ಸುಳ್ಳು ಹೇಳಿ ಇನ್ನೊಬ್ಬ ಅದಕ್ಕೆ ಸಾಕ್ಷಿ ನುಡಿದರೆ ಅವರು ತಾನೇ ಏನು ಮಾಡಬೇಕು? ಹೊರಗೆ ಬಂದ ಮೇಲೆ ಅಣ್ಣ, "ಇನ್ನ ಮ್ಯಾಲ ನೀ ಗೋದಾಮಿಗೆ ಹೋಗಬ್ಯಾಡ. ಮುಂದ ನನ್ನ ಬಾಜೂಕ ಕುಂದ್ರು," ಎಂದು ಅಪ್ಪಣೆ ಮಾಡಿದ.

ಮೆಣಸಿನಕಾಯಿಯ ಘಾಟಿನಿಂದ ನನ್ನನ್ನು ಉಳಿಸಲು ಅವನು ಹೂಡಿದ ಉಪಾಯ ಅದು. ಅದರಿಂದ ಆದದ್ದಿಷ್ಟು: ಇಡೀ ದಿನ ಗಾದಿಯ ಮೇಲೆ ಅವನು ಬಿಟ್ಟ ಹೊಗೆ ಕುಡಿಯುತ್ತಿದ್ದೆ, ಹೊಟ್ಟೆ ಸರಿಯಿಲ್ಲ ಎಂಬ ನೆವ ಹೇಳಿ ಗಳಿಗೆಗೊಮ್ಮೆ ಎದ್ದು ಹಿಂದೆ ಹೋಗಿ ನನ್ನ ಪಾಲಿನದನ್ನೂ ಸೇದಿ ಬರುತ್ತಿದ್ದೆ. ಒಂದೂವರೆ ವರ್ಷ ಅಲರ್ಜಿಯ ಗುಳಿಗೆ ನುಂಗಿದೆ. ಅಣ್ಣ ಹೊಟ್ಟೆಗೆಂದು ಓಂಕಾಳಿನ ಪುಡಿಯನ್ನೂ ತಂದುಕೊಟ್ಟ.

ಆಮೇಲೊಂದು ಸಂಜೆ. ನವನಗರದಲ್ಲಿ ನಮ್ಮ ಮನೆ. ಬಸ್ಸಿಳಿದು ಮನೆಗೆ ಹತ್ತು ನಿಮಿಷದ ದಾರಿ, ಏರಿಲ್ಲ, ಇಳಿಜಾರಿಲ್ಲ. ಕೈಯಲ್ಲಿ ಒಂದು ಕಿಲೋ ಸವತೆಕಾಯಿ ಅಷ್ಟೇ. ಮೊದಲು ಒಂದು ಕಟ್ಟೆಯ ಮೇಲೆ ಕೂತೆ. ಆಮೇಲೆ ಒಂದು ಮನೆಯ ಕಾಂಪೌಂಡಿಗೆ ಒರಗಿ ನಿಂತೆ. ಮೂರನೆಯ ಸಲ ನೆಲದ ಮೇಲೇ ಕೂತುಬಿಟ್ಟೆ. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಜನರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. ಉಸಿರು ಸಿಗುವುದಿಲ್ಲ ಎನ್ನುತ್ತಾರೆ, ಹಾಗಲ್ಲ; ಒಳಗೆ ಹಳೆಯ ಉಸಿರು ಕೂತುಬಿಟ್ಟಿರುತ್ತದೆ, ಹೊಸದಕ್ಕೆ ಜಾಗವಿರುವುದಿಲ್ಲ. ಹುಡುಕಿಕೊಂಡು ಬಂದ ಶೈಲಾ ನನ್ನನ್ನು ಕಂಡಾಗ ನಾನು ಸವತೆಕಾಯಿಯ ಚೀಲವನ್ನು ಎದೆಗವಚಿಕೊಂಡು ಕೂತಿದ್ದೆನಂತೆ. ಅವಳು ಅಳಲಿಲ್ಲ. ಬಾಜೂಕ ಕೂತಳು. ಹದಿನೈದು ನಿಮಿಷ ಇಬ್ಬರೂ ರಸ್ತೆಯ ಬದಿಗೆ ಕೂತಿದ್ದೆವು. ಪರಿಚಯದವರು ಹಾದುಹೋದಾಗ, "ಗಾಳಿಗೆ ಕೂತೇವ್ರಿ," ಎಂದು ಅವಳೇ ನಕ್ಕು ಹೇಳಿದಳು. ಅವಳ ಆ ಸುಳ್ಳಿಗೆ ನಾನು ಇಂದಿಗೂ ಋಣಿ.

ಮರುದಿನ ಶೈಲಾ ಹಟ ಹಿಡಿದು ಬೇರೆ ಡಾಕ್ಟರನ್ನು ಹುಡುಕಿದಳು. ಧಾರವಾಡದಲ್ಲಿ ಒಬ್ಬ ಹೆಣ್ಣುಮಗಳು, ಎದೆಯ ಡಾಕ್ಟರು. ಅಣ್ಣನೂ ಬಂದ. ಹೆಸರು ಕರೆದಾಗ ಮೂವರೂ ಎದ್ದೆವು. ಡಾಕ್ಟರು ಬಾಗಿಲಲ್ಲೇ ತಡೆದರು.

"ಪೇಶಂಟ್ ಒಬ್ಬರೇ ಒಳಗ ಬರ್ಲಿ. ನೀವಿಬ್ರೂ ಅಲ್ಲೇ ಕುಂದರ್ರಿ."

ಅಣ್ಣ, "ನಾ ಇವನ ಅಣ್ಣ ಅದೇನ್ರಿ," ಎಂದ.

"ಅದಕ್ಕ ಹೇಳಿದ್ದು," ಎಂದು ಡಾಕ್ಟರು ಬಾಗಿಲು ಹಾಕಿದರು.

ನಾನು ಕೂತೆ. ಅವರು ಹಳೆಯ ಚೀಟಿಗಳನ್ನು ನೋಡಿದರು. ಸೇದುತ್ತೀರೇನು ಎಂದು ಕೇಳಲಿಲ್ಲ. "ದಿನಕ್ಕ ಎಷ್ಟು ಸೇದ್ತೀರಿ?" ಎಂದರು.

"ಹದಿನೈದು. ಸುಗ್ಗ್ಯಾಗ ಇಪ್ಪತ್ತರ ಮ್ಯಾಲೆ," ಎಂದೆ. ಹೇಳಿದ ಮೇಲೆ ಕಣ್ಣಲ್ಲಿ ನೀರು ಬಂತು. ಮೂವತ್ತಮೂರು ವರ್ಷದಲ್ಲಿ ಆ ಮಾತನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

"ಮತ್ತ ಇದರಾಗ ಎಂದೂ ಇಲ್ಲ ಅಂತ ಬರದಾರಲ್ರಿ?"

"ಅಣ್ಣ ಬಾಜೂಕ ಕೂತಿದ್ದ್ರೀ."

ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು. "ಅಣ್ಣ ಬಾಜೂಕ ಕೂತಿದ್ದ, ಮಾವ ಬಾಜೂಕ ಕೂತಿದ್ದ. ಈ ಖೋಲ್ಯಾಗ ನಾನು ಕೇಳಿದ್ದು ಇದ ಆತು," ಎಂದರು.

ಅಲ್ಲಿ ಮೊದಲ ಸಲ ಆ ಯಂತ್ರದಲ್ಲಿ ಊದಿದೆ. ಮೂಗಿಗೆ ಚಿಮಟಿ ಹಾಕಿ, ಕೊಳವೆ ಬಾಯಲ್ಲಿಟ್ಟು, ಉಸಿರನ್ನೆಲ್ಲ ಒಂದೇ ಸಲಕ್ಕೆ ಹೊರಹಾಕಬೇಕು. ಊದಿಸುವ ಹೆಣ್ಣುಮಗಳು ಗಟ್ಟಿ ದನಿಯಲ್ಲಿ "ಊದ್ರಿ, ಊದ್ರಿ, ಇನ್ನೂ, ಇನ್ನೂ" ಎಂದು ಕೂಗುತ್ತಾಳೆ. ನನ್ನ ಉಸಿರು ನೂರಕ್ಕೆ ನಲವತ್ತೆಂಟು ಬಂತು. ಕಾಯಿಲೆಯ ಹೆಸರು ಸಿಒಪಿಡಿ, ಉಸಿರಿನ ದಾರಿ ವರ್ಷಗಟ್ಟಲೆ ಕಟ್ಟಿಕೊಳ್ಳುತ್ತ ಹೋಗುವ ರೋಗ ಎಂದರು.

ನನಗೆ ಅರ್ಥವಾಗಲೆಂದು ಡಾಕ್ಟರು ಒಂದು ಚಿತ್ರ ತೋರಿಸಿದರು. ಶ್ವಾಸನಾಳದ ಒಳಮೈಗೆ ಜೀವಕೋಶಗಳ ಒಂದು ಹೊದಿಕೆ ಇದೆಯಂತೆ. ಆ ಕೋಶಗಳ ತಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಅವು ಹಗಲು ರಾತ್ರಿ ಮೇಲ್ಮುಖವಾಗಿ ಆಡುತ್ತಲೇ ಇದ್ದು, ಒಳಗೆ ಬಂದ ಧೂಳನ್ನೂ ಕಫವನ್ನೂ ಗಂಟಲಿಗೆ ಸಾಗಿಸುತ್ತವಂತೆ. ನಮ್ಮ ಮಾರುಕಟ್ಟೆಯಲ್ಲಿ ದಿನಾ ಸಂಜೆ ಬಂದು ಅಂಗಳ ಗುಡಿಸುವ ಹೆಣ್ಣುಮಕ್ಕಳು ನೆನಪಾದರು. ಅವರು ಒಂದು ದಿನ ಬರದಿದ್ದರೆ ಮರುದಿನ ಅಂಗಳದಲ್ಲಿ ಕಾಲಿಡಲಾಗುವುದಿಲ್ಲ.

"ಹೊಗಿ ಬಿದ್ದು ಬಿದ್ದು ಆ ಕೂದ್ಲು ಮೊದಲ ಮಂಕಾಗ್ತಾವ, ಆಮ್ಯಾಲ ಉದುರ್ತಾವ. ಗುಡಿಸೋ ಕೋಶ ಕಡಿಮಿ ಆಗಿ, ಕಫಾ ಮಾಡೋ ಕೋಶ ಹೆಚ್ಚಾಗ್ತಾವ," ಎಂದರು ಡಾಕ್ಟರು. "ಮೆಣಸಿನಕಾಯಿ ಧೂಳು ಎಲ್ಲಾರ ಎದಿಯೊಳಗೂ ಹೋಗ್ತದ್ರಿ. ನಿಮ್ಮ ಎದಿಯೊಳಗ ಅದನ್ನ ಹೊರಗ ಹಾಕವ್ರು ಉಳಿದಿಲ್ಲ."

"ತಿರುಗಿ ಬರ್ತಾವೇನ್ರಿ?"

"ಸೇದೂದು ಬಿಟ್ರ ಒಂದಿಷ್ಟು ಚೇತರಿಸ್ತಾವ. ಕೆಟ್ಟ ಪುಪ್ಪುಸ ಮಾತ್ರ ಮೊದಲಿನಂಗ ಆಗೂದಿಲ್ಲ. ಉಳಿದಿದ್ದನ್ನ ಉಳಿಸಿಕೊಳ್ಳೂಣು."

ಹೊರಗೆ ಕಾಯುತ್ತಿದ್ದ ಅಣ್ಣನಿಗೆ ಅವರು ಕಾಯಿಲೆಯ ಹೆಸರು ಹೇಳಿದರು, ಕಾರಣ ಹೇಳಲಿಲ್ಲ. ಅದನ್ನು ನೀವೇ ಹೇಳಿ ಎಂದು ನನಗೆ ಬಿಟ್ಟಿದ್ದರು. ನಾನು ಹೇಳಲಿಲ್ಲ. ದಾರಿಯಲ್ಲಿ ಅಣ್ಣ, "ಮೆಣಸಿನಕಾಯಿ ಧಂದೆ ಬಿಟ್ಟಬಿಡೂಣೇನೋ?" ಎಂದು ಕೇಳಿದ. ಅಪ್ಪನ ಕಾಲದ ಅಂಗಡಿಯನ್ನು ನನ್ನ ಒಂದು ಸುಳ್ಳಿಗಾಗಿ ಮುಚ್ಚಲು ಸಿದ್ಧನಾಗಿದ್ದ. ಬೇಡ ಎಂದೆ. ಆಗಲೂ ನಿಜ ಹೇಳಲಿಲ್ಲ.

ಅಂದೇ ಸಿಗರೇಟು ಬಿಟ್ಟೆ. ಧೈರ್ಯದಿಂದಲ್ಲ, ಸವತೆಕಾಯಿ ಚೀಲದ ಆ ಸಂಜೆಯ ಹೆದರಿಕೆಯಿಂದ. ಬಿಟ್ಟ ಮೇಲೆ ಕೆಮ್ಮು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಹೆಚ್ಚಾಯಿತು. ಮೂರನೆಯ ವಾರಕ್ಕೆ ಎದೆಯ ಒಳಗಿನಿಂದ ಯಾರೋ ಬಕೆಟ್ ಬಕೆಟ್ ಕಫ ಎತ್ತಿ ಹೊರಗೆ ಸುರಿಯುತ್ತಿದ್ದಾರೆ ಎನ್ನಿಸುತ್ತಿತ್ತು. ಡಾಕ್ಟರಿಗೆ ಫೋನು ಮಾಡಿ ಜಗಳಕ್ಕೇ ಬಿದ್ದೆ. "ಮಲಗಿದ ಕೂದ್ಲು ಎಚ್ಚರ ಆಗಾಕತ್ತಾವ್ರಿ, ಹಳೇ ಕಸಾ ಗುಡಿಸ್ತಾವ. ಸಂತೋಷಪಡ್ರಿ," ಎಂದರು. ಸಂತೋಷ ಎಲ್ಲಿಂದ ಬರಬೇಕು? ಬಾಜೂಕ ಗಾದಿಯ ಮೇಲೆ ಅಣ್ಣ ಕಾಲ ಮೇಲೆ ಕಾಲು ಹಾಕಿಕೊಂಡು ಸೇದುತ್ತಿದ್ದ. ಒಂದು ಕೆಮ್ಮಿಲ್ಲ.

ಹೊಟ್ಟೆಕಿಚ್ಚು ಸರಿಯಾಗಿ ಹೊತ್ತಿಕೊಂಡದ್ದು ಆಗ. ಅರವತ್ತಾರು ವರ್ಷದ ಮನುಷ್ಯ, ನನಗಿಂತ ಹತ್ತು ವರ್ಷ ಮೊದಲು ಸೇದಲು ಶುರುಮಾಡಿದವನು, ದಿನಾ ಬೆಳಿಗ್ಗೆ ಅಂಗಡಿಯ ಶಟರನ್ನು ಒಂದೇ ಏಟಿಗೆ ಎತ್ತುತ್ತಿದ್ದ. ಚೌಕಾಸಿಯಲ್ಲಿ ಉಸಿರು ಬಿಡದೆ ಕೂಗುತ್ತಿದ್ದ. ಮಠದಲ್ಲಿ ಭಜನೆಗೆ ಕೂತರೆ ಅವನ ದನಿ ಎಲ್ಲರ ದನಿಯ ಮೇಲೆ ಕೇಳುತ್ತಿತ್ತು; ನಾನು ಬಾಯಿ ಆಡಿಸುತ್ತ ತಾಳ ಹಾಕುತ್ತಿದ್ದೆ. ಅವನು ನನಗೆ ಮಾಡಿದ ಉಪಕಾರವೆಲ್ಲ ನೆನಪಿತ್ತು. ನೆನಪಾದಷ್ಟೂ ಸಿಟ್ಟು ಹೆಚ್ಚುತ್ತಿತ್ತು. ರಾಜನಂತೆ ಸೇದಿದವನಿಗೆ ಏನೂ ಆಗಲಿಲ್ಲ, ಅವನಿಗೆ ಮರ್ಯಾದೆ ಕೊಟ್ಟು ಮೂಲೆಯಲ್ಲಿ ಸೇದಿದವನ ಎದೆ ಹಾಳಾಯಿತು. ಇದು ಯಾವ ನ್ಯಾಯ?

ಮತ್ಸರದ ವಿಷಯದಲ್ಲಿ ಡಾಕ್ಟರ ಹೊರಗಿನ ಕೋಣೆ ದೊಡ್ಡ ಪಾಠಶಾಲೆ. ಅಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಅಂಕಿ ಕೇಳುತ್ತಾರೆ. ಗರಗದಿಂದ ಬರುವ ಒಬ್ಬ ನೇಕಾರ ಅಜ್ಜ ಪ್ರತಿ ಸಲ ನನ್ನ ಪಕ್ಕದಲ್ಲೇ ಬಂದು ಕೂರುತ್ತಿದ್ದ.

"ನಿಮ್ದೆಷ್ಟ್ರಿ?"

"ನಲವತ್ತೆಂಟು."

"ನಂದು ಐವತ್ತೊಂದು," ಎಂದು ಹೇಳಿ ಅವನು ಗೋಡೆಗೆ ಒರಗಿ ಹಾಯಾಗಿ ಕಣ್ಣು ಮುಚ್ಚುತ್ತಿದ್ದ. ಆ ಮೂರು ಅಂಕಿಗಾಗಿ ನಾನು ಅವನನ್ನು ದ್ವೇಷಿಸಿದೆ. ನಂತರದ ತಿಂಗಳು ಅವನಿಗೆ ನಲವತ್ತಾರು ಬಂದಾಗ ನನಗೆ ಮನೆಗೆ ಹೋಗುವವರೆಗೂ ಹಗುರವೆನಿಸಿತು. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಒಂದನ್ನು ಮಾತ್ರ ಹೇಳಬೇಕು: ಇನ್‌ಹೇಲರನ್ನು ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು ನನಗೆ ಸರಿಯಾಗಿ ಕಲಿಸಿದವನು ಇದೇ ಅಜ್ಜ. ಎದುರು ನಿಂತು ಬೆರಳು ಮಡಿಚಿ ಮಡಿಚಿ ಎಣಿಸುತ್ತಿದ್ದ.

ನನ್ನ ತಲೆಯಲ್ಲಿ ಆ ಉಪಾಯ ಹುಟ್ಟಿದ್ದೂ ಅಲ್ಲೇ. ಅಣ್ಣನನ್ನೂ ಊದಿಸಬೇಕು. ಇಷ್ಟು ವರ್ಷ ಸೇದಿದವನ ಉಸಿರು ಕೆಟ್ಟಿರಲೇಬೇಕು, ಹೊರಗೆ ಕಾಣುತ್ತಿಲ್ಲ ಅಷ್ಟೇ. ಅವನಿಗೂ ಒಂದು ಅಂಕಿ ಬರಲಿ. ನನ್ನದಕ್ಕಿಂತ ಕಡಿಮೆ ಬಂದರೆ ಇನ್ನೂ ಒಳ್ಳೆಯದು. ಹೊರಗೆ ಮಾತ್ರ ಅವನ ಮೇಲಿನ ಕಾಳಜಿ ತೋರಿಸಿದೆ.

"ಅಣ್ಣಾ, ನೀನೂ ಒಮ್ಮೆ ತೋರಿಸಿಬಿಡು. ವಯಸ್ಸಾತು," ಎಂದೆ.

ಶೈಲಾ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು: "ಭಾವಾರನ್ನ ಯಾಕ ಕರಕೊಂಡ ಹೊಂಟೀರಿ? ನಿಮ್ಮ ಮಾರಿ ನೋಡಿದ್ರ ಛಲೋದಕ್ಕ ಅನ್ಸೂದಿಲ್ಲ."

"ತಪಾಸಣೆ ಮಾಡ್ಸಿದ್ರ ತಪ್ಪೇನೈತಿ?"

"ತಪಾಸಣಿ ತಪ್ಪಲ್ಲ ಬಿಡ್ರಿ," ಎಂದು ಅವಳು ಒಗ್ಗರಣೆಯ ಕಡೆ ತಿರುಗಿದಳು.

ಅಣ್ಣ ಒಂದು ಮಾತು ಕೇಳದೆ ಬಂದ. ಹೊಸ ಧೋತರ, ಇಸ್ತ್ರಿ ಮಾಡಿದ ಅಂಗಿ. ಬೀಗರ ಮನೆಗೆ ಹೊರಟವನ ಹಾಗೆ ಬಂದಿದ್ದ. ನಾನೂ ಜೊತೆಗೆ ಒಳಗೆ ಹೋದೆ. ಅವನು ಸ್ಟೂಲಿನ ಮೇಲೆ ಕೂತು, ಟೊಪ್ಪಿಗೆ ತೆಗೆದು ನನ್ನ ಕೈಗೆ ಕೊಟ್ಟು, ಮೂಗಿಗೆ ಚಿಮಟಿ ಹಾಕಿಸಿಕೊಂಡ. ನನ್ನ ಮುಖವನ್ನೊಮ್ಮೆ ನೋಡಿ ಊದಿದ.

ಮೊದಲನೆಯ ಸಲ ಉಸಿರು ಅರ್ಧಕ್ಕೇ ನಿಂತಿತು. ಪರದೆಯ ಮೇಲಿನ ಗೆರೆ ಮೇಲೇಳುವ ಮೊದಲೇ ಕುಸಿಯಿತು. ನನ್ನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ಸಂತೋಷವೇ. ಅಣ್ಣನೂ ನನ್ನ ಕಡೆಗೆ ಬಂದ ಎನ್ನಿಸಿತು.

ಊದಿಸುವ ಹೆಣ್ಣುಮಗಳು ಒಪ್ಪಲಿಲ್ಲ. "ಅಜ್ಜಾರ, ಹಂಗಲ್ಲ. ಪೂರಾ ಊದ್ರಿ. ಸರಿಯಾಗಿ ಬರೂ ತನಕಾ ನಾ ಬಿಡಾಕಿ ಅಲ್ಲ," ಎಂದಳು. ಎರಡನೆಯದೂ ಹಾಗೇ ಆಯಿತು. ಮೂರನೆಯ ಸಲಕ್ಕೆ ಅವಳು ಅವನ ಭುಜ ಹಿಡಿದು ಕಿವಿಯ ಹತ್ತಿರ ಕೂಗತೊಡಗಿದಳು. ಅಣ್ಣ ಊದಿದ. ಊದಿದ, ಊದಿದ, ಊದುತ್ತಲೇ ಇದ್ದ. ಗೆರೆ ಪರದೆಯ ತುದಿಗೆ ಹೋಗಿ ನಿಧಾನಕ್ಕೆ ಇಳಿಯಿತು. ಆಮೇಲೆ ಎರಡು ಸಲ ಊದಿಸಿದಾಗಲೂ ಅದೇ ಗೆರೆ.

ಡಾಕ್ಟರು ಕಾಗದ ನೋಡಿ ಹುಬ್ಬೇರಿಸಿದರು. "ತೊಂಬತ್ತಾರು. ನಿಮ್ಮ ವಯಸ್ಸಿಗೆ ಭಾಳ ಛಲೋ ಅದ. ಆದ್ರ ಈ ಮಷೀನು ಗಾಳಿ ಅಳೀತದ, ಒಳಗಿನ ಕೂದ್ಲು ನೋಡೂದಿಲ್ಲ. ಅವೇನೂ ಸುಖವಾಗಿಲ್ಲ ಅಂತ ತಿಳ್ಕೋರಿ. ಬಿಡ್ರಿ ಸಿಗರೇಟು."

"ಒಬ್ಬೊಬ್ಬರಿಗೆ ಹಿಂಗ್ಯಾಕ್ರೀ?" ಎಂದು ಕೇಳಿದೆ. ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

"ಪೂರಾ ಯಾರಿಗೂ ಗೊತ್ತಿಲ್ಲ. ಕೆಲವರ ಮೈ ತಡಕೊಳ್ತದ," ಎಂದರು.

ಅಣ್ಣ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನ ತಳಕ್ಕೆ ತುರುಕಿದ. ಪರೀಕ್ಷೆಯಲ್ಲಿ ನಪಾಸಾಗಿ ಬಂದವನ ಮುಖ ಅವನದಾಗಿತ್ತು. ಗೇಟಿನ ಹೊರಗೆ ಬಂದಾಗ ರೂಢಿಯಂತೆ ಸಿಗರೇಟಿಗೆ ಕೈ ಹಾಕಿದವನು, ನನ್ನನ್ನು ನೋಡಿ, ಜೇಬಿನಿಂದ ಬರಿಗೈ ತೆಗೆದ. ನಾನು ವಾರಗಟ್ಟಲೆ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ತೊಂಬತ್ತಾರು ಎಂಬ ಅಂಕಿ ಕಿವಿಯಲ್ಲಿ ಕೂತುಬಿಟ್ಟಿತ್ತು. ಬಸ್ಸಿನ ನಂಬರು ಪ್ಲೇಟಿನ ಮೇಲೆ ಅದು ಕಂಡರೂ ಸಿಟ್ಟು ಬರುತ್ತಿತ್ತು.

ಅಂದಿನಿಂದ ಅಣ್ಣ ಗಾದಿಯ ಮೇಲೆ ಸೇದುವುದನ್ನು ನಿಲ್ಲಿಸಿದ. ಪೂರ್ತಿ ಬಿಟ್ಟುಬಿಟ್ಟ ಎಂದುಕೊಂಡೆ. ನನಗೆ ಅದಕ್ಕೂ ಕಿಚ್ಚು. ನಾನು ಹಲ್ಲು ಕಚ್ಚಿ, ಲವಂಗ ಅಗಿದು, ಮನೆಯವರ ಮೇಲೆಲ್ಲ ಹರಿಹಾಯ್ದು ಬಿಟ್ಟಿದ್ದನ್ನು ಇವನು ತಾಂಬೂಲ ಉಗುಳಿದ ಹಾಗೆ ಬಿಟ್ಟ! ಬಿಡುವುದೂ ಇವನಿಗೇ ಸುಲಭವಾಗಬೇಕೇ?

ಸುಮಾರು ಒಂದು ತಿಂಗಳಾಗಿರಬೇಕು. ಮಧ್ಯಾಹ್ನದ ಹೊತ್ತು ಒಂದು ಚೀಲದ ಮಾದರಿ ತರಲು ಗೋದಾಮಿಗೆ ಹೋದೆ. ಮೆಣಸಿನಕಾಯಿಯ ಘಾಟಿನ ನಡುವೆಯೂ ನನ್ನ ಮೂಗು ಅದನ್ನು ಹಿಡಿಯಿತು. ಚೀಲಗಳ ಹಿಂದೆ ನನ್ನ ಹಳೆಯ ಜಾಗದಲ್ಲಿ ಅಣ್ಣ ಕುಕ್ಕರಗಾಲಲ್ಲಿ ಕೂತಿದ್ದ. ಬೆನ್ನು ನನ್ನ ಕಡೆಗಿತ್ತು. ಲಗೂಲಗೂ ಎಳೆದು, ಹೊಗೆಯನ್ನು ಒಳಗೇ ಹಿಡಿದು, ಚೀಲದ ಕಡೆಗೆ ತಿರುಗಿ ಸಣ್ಣಗೆ ಬಿಡುತ್ತಿದ್ದ. ಟವೆಲಿನಿಂದ ಗಾಳಿ ಬೀಸುತ್ತಿದ್ದ.

ನಾನು ಸದ್ದಿಲ್ಲದೆ ತಿರುಗಿ ಬಂದೆ. ಯಾರಿಂದ ಅಡಗಿ ಸೇದುತ್ತಿದ್ದಾನೆ ಎಂದು ಕ್ಷಣ ತಿಳಿಯಲಿಲ್ಲ. ನನ್ನಿಂದಲೇ ಎಂದು ತಿಳಿದಾಗ ಗಾದಿಯ ಮೇಲೆ ಕೂತು ಒಬ್ಬನೇ ನಕ್ಕೆ. ಆ ನಗು ಒಳ್ಳೆಯದಾಗಿರಲಿಲ್ಲ.

ನಾನು ಮಾಡಿದ ಅತ್ಯಂತ ಕೆಟ್ಟ ಕೆಲಸ ಇದರ ಮುಂದಿನದು. ಹದಿನೈದು ದಿನ ಸುಮ್ಮನಿದ್ದೆ. ಗಾದಿಯ ಮೇಲೆ ಅರ್ಧ ಸಿಗರೇಟು ಗಾಳಿಗೆ ಹೋಗುತ್ತಿತ್ತು. ಗೋದಾಮಿನಲ್ಲಿ ಪೂರ್ತಿ ಎದೆಗೇ ಹೋಗುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಎದ್ದು ಹಿಂದೆ ಹೋದಾಗಲೆಲ್ಲ ಗಡಿಯಾರ ನೋಡುತ್ತಿದ್ದೆ. ತೊಂಬತ್ತಾರು ಈಗ ತೊಂಬತ್ತೈದಾಗಿರಬೇಕು ಎಂದುಕೊಳ್ಳುತ್ತಿದ್ದೆ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನನ್ನು ಸಾಕಿದ ಮನುಷ್ಯನ ಉಸಿರು ಸವೆಯಲಿ ಎಂದು ಕಾದು ಕೂತಿದ್ದೆ.

ಹದಿನಾರನೆಯ ದಿನ ಅವನು ಒಳಗೆ ಹೋದವನು ಬೇಗ ಬರಲಿಲ್ಲ. ಕೆಮ್ಮು ಕೇಳಿಸಿತು. ಅಣ್ಣನ ಕೆಮ್ಮು. ಟವೆಲನ್ನು ಬಾಯಿಗೆ ಒತ್ತಿ, ಸದ್ದು ಹೊರಗೆ ಬಾರದ ಹಾಗೆ ಕೆಮ್ಮುತ್ತಿದ್ದ. ಆ ಮೂಲೆಯಲ್ಲಿ ವರ್ಷಗಟ್ಟಲೆ ನಾನು ಹೇಗೆ ಕೆಮ್ಮಿದ್ದೆನೋ ಹಾಗೆ. ನಾನು ಬೇಡಿಕೊಂಡದ್ದು ಇದೇ ಕೆಮ್ಮನ್ನು. ಅದು ಬಂದಾಗ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋದೆ. ನನ್ನ ಕಾಲಿಗೆ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಹೋದೆ.

"ಅಣ್ಣಾ," ಎಂದೆ.

ಅವನು ಉರಿಯುವ ಸಿಗರೇಟನ್ನು ಮುಷ್ಟಿಯಲ್ಲಿ ಮುಚ್ಚಿ, ಚೀಲ ಹಿಡಿದು ಏಳಲು ನೋಡಿದ. ಏಳಲಾಗಲಿಲ್ಲ. "ಏನಿಲ್ಲೋ, ಇಲಿ ಆಗ್ಯಾವ ಅಂದಿದ್ರು, ನೋಡಾಕ ಬಂದಿದ್ದೆ."

"ಕೈ ಸುಡತೈತಿ. ಒಗಿ ಅದನ್ನ."

ಒಗೆದ. ಅಂಗೈಯಲ್ಲಿ ಕೆಂಪಗೆ ಒಂದು ಕಲೆ. ನಾನು ಅವನೆದುರು ನೆಲದ ಮೇಲೆ ಕೂತೆ. ಆ ಇಕ್ಕಟ್ಟಿನಲ್ಲಿ ನಮ್ಮಿಬ್ಬರ ಮೊಣಕಾಲು ತಾಗುತ್ತಿದ್ದವು.

"ನಾನೂ ಇಲ್ಲೇ ಕೂತು ಸೇದತಿದ್ದೆ, ಅಣ್ಣಾ. ಮೆಣಸಿನಕಾಯಿ ಅಲ್ಲ, ಏನಲ್ಲ. ಇದರಿಂದ ಬಂದಿದ್ದು ನನಗ."

"ಗೊತ್ತೈತಿ," ಎಂದ. "ನೀ ಶುರು ಮಾಡಿದ ವರ್ಷದಿಂದ ಗೊತ್ತೈತಿ." ಸುಟ್ಟ ಅಂಗೈಯನ್ನು ಧೋತರಕ್ಕೆ ಒತ್ತಿಕೊಂಡು, "ಅವತ್ತ ಆ ಡಾಕ್ಟರ್ ಕೇಳಿದಾಗ ನಾ ಎದ್ದು ಹೊರಗ ಹೋಗಬೇಕಿತ್ತು. ಎದ್ರ ನನಗ ಗೊತ್ತೈತಿ ಅಂತ ನಿನಗ ತಿಳೀತಿತ್ತು. ಕೂತೆ. ಮ್ಯಾಲ ಸಾಕ್ಷಿ ಹೇಳಿದೆ. ನಿನ್ನ ಒಂದೂವರಿ ವರ್ಷ ನಾ ತಿಂದೆ," ಎಂದ.

ಅವನು ಅಷ್ಟು ಹೇಳಿದ ಮೇಲೆ ನಾನು ನನ್ನದನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. "ನಿನ್ನ ಊದ್ಸಾಕ ಕರಕೊಂಡ ಹೋಗಿದ್ದು ಕಾಳಜಿಗೆ ಅಲ್ಲ. ನಿಂದೂ ಕೆಟ್ಟಿರಲಿ ಅಂತ," ಎಂದೆ. "ಇಲ್ಲಿ ಬಂದು ಸೇದೂದು ನೋಡೇನಿ. ಹದಿನೈದು ದಿನ ಆತು. ಬೇಕಂತ ಸುಮ್ಮನಿದ್ದೆ."

ಬಯ್ಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

"ಊದೂಕಿಂತ ಮೊದಲ ನಿನ್ನ ಮಾರಿ ನೋಡಿದ್ದೆನಲ್ಲ, ಆಗ ತಿಳೀತು," ಎಂದ ಅಣ್ಣ. "ಅದಕ್ಕ ಹಗೂರಕ ಊದಿದೆ. ಎರಡ ಸಲಾ. ಆ ಹುಡುಗಿ ಬಿಡ್ಲಿಲ್ಲೋ, ಏನ ಮಾಡ್ಲಿ?"

ನನಗೆ ಅಳು ಬಂತು. ಅಳುವುದಕ್ಕೂ ಉಸಿರು ಬೇಕು, ಅರ್ಧಕ್ಕೇ ಕೆಮ್ಮಾಯಿತು. ಅಣ್ಣ ಬೆನ್ನು ನೀವಿದ. ಆಮೇಲೆ ನೀವುತ್ತ ನೀವುತ್ತ ಅವನೂ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅಂಗಿಯ ಒಳಜೇಬಿನಿಂದ ಪ್ಯಾಕೆಟ್ ತೆಗೆದು ನನ್ನ ಕೈಗಿಟ್ಟ.

"ನಿನ್ನ ಕಡೆ ಇರ್ಲಿ. ನೀ ಸೇದಂಗಿಲ್ಲ ಅನ್ನೂದು ನನಗ ಖಾತ್ರಿ ಐತಿ. ನನ್ನ ಮ್ಯಾಲ ನನಗ ಖಾತ್ರಿ ಇಲ್ಲ. ನಾಕ ಸಲ ಬಿಟ್ಟೆ, ಯಾರಿಗೂ ಹೇಳಿಲ್ಲ. ಒಂದ ದಿನದ ಮ್ಯಾಲ ಇರಾಕ ಆಗ್ಲಿಲ್ಲ."

ಪ್ಯಾಕೆಟ್ ಬೆಚ್ಚಗಿತ್ತು. ಬೇಕೆನಿಸಲಿಲ್ಲ ಎಂದರೆ ಸುಳ್ಳಾದೀತು. ಎದ್ದು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ, ಅದನ್ನು ತೆರೆದು ನೀರಿಗೆ ಹಿಡಿದೆ. ಒಂದೊಂದೇ ಸಿಗರೇಟು ಉಬ್ಬಿ, ಒಡೆದು, ಕಂದು ನೀರಾಗಿ ಮೋರಿಗೆ ಹೋಯಿತು. ಅಣ್ಣ ಬಾಗಿಲಲ್ಲಿ ನಿಂತು ಕೊನೆಯದು ಹೋಗುವವರೆಗೂ ನೋಡಿದ.

"ಹೆಂಗ ಆಗತೈತೋ ನಿನಗ ಇದು?" ಎಂದ. "ಖರೇ ಹೇಳ್ತೇನಿ, ನಿನ್ನ ಕಂಡ್ರ ನನಗ ಹೊಟ್ಟಿಕಿಚ್ಚ ಆಗತೈತಿ."

ನಾನು ನಲ್ಲಿ ಬಂದ್ ಮಾಡಿದೆ.

"ಇನ್ನೊಮ್ಮೆ ಹೇಳು, ಅಣ್ಣಾ," ಎಂದೆ.

ಹೇಳಿದ.